ಕಬ್ಬಿಣದ ಹೊರೆ: ಪ್ರದೇಶಿ ರಾಜನ ಪರಿವರ್ತನೆ

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಕನ್ನಡದ ಹಳೆಯ ಗಾದೆ. ಮನುಷ್ಯಸ್ವಭಾವದ ಬಿಗಿತವನ್ನು ಹತ್ತಿರದಿಂದ ಕಂಡವರ ಅನುಭವ ಅದರಲ್ಲಿದೆ. ಆದರೆ ಶ್ರಮಣಪರಂಪರೆ ಈ ಮಾತನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಜೀವ ಬದಲಾಗಲಾರದು ಎಂದಾದರೆ ವ್ರತಕ್ಕೆ, ಪ್ರತಿಕ್ರಮಣಕ್ಕೆ, ಕ್ಷಮಾಪಣೆಗೆ, ಕಡೆಗೆ ಮೋಕ್ಷಕ್ಕೂ ಅರ್ಥ ಉಳಿಯುವುದಿಲ್ಲ. ಹಾಗೆಂದು ಬದಲಾವಣೆ ಸುಲಭವೆಂದು ಕೂಡ ಜೈನ ಗ್ರಂಥಕಾರರು ಎಲ್ಲಿಯೂ ಹೇಳಲಿಲ್ಲ. ತಿಳಿದೂ ಮಾಡದಿರುವುದು, ಒಪ್ಪಿಯೂ ಬಿಡದಿರುವುದು, ಬಿಟ್ಟ ಮೇಲೂ ಹಿಂದಕ್ಕೆ ಹೊರಳುವುದು, ಈ ಮೂರು ತೊಡಕುಗಳನ್ನು ಅವರು ಶಾಸ್ತ್ರದಲ್ಲಿ ವರ್ಗೀಕರಿಸಿದರು, ಕಥೆಯಲ್ಲಿ ಚಿತ್ರಿಸಿದರು. ಅಂಥ ಕಥೆಗಳಲ್ಲಿ ಬಹಳ ಹಳೆಯದು, ಸೂಕ್ಷ್ಮವಾದುದು, ಪ್ರದೇಶಿ ರಾಜನ ಕಥೆ.

ಈ ಕಥೆ ಬರುವುದು ಅರ್ಧಮಾಗಧಿಯ 'ರಾಯಪಸೇಣಿಯ' ಎಂಬ ಆಗಮದಲ್ಲಿ. ಶ್ವೇತಾಂಬರ ಆಗಮಗಳ ಹನ್ನೆರಡು ಉಪಾಂಗಗಳ ಪೈಕಿ ಇದು ಎರಡನೆಯದು. ದೇವರ್ಧಿಗಣಿಯ ನೇತೃತ್ವದಲ್ಲಿ ವಲಭಿಯಲ್ಲಿ ಸೇರಿದ ವಾಚನೆಯಲ್ಲಿ, ಎಂದರೆ ಐದನೆಯ ಶತಮಾನದಲ್ಲಿ, ಆಗಮಗಳು ಗ್ರಂಥಸ್ಥವಾದವು. ಅವುಗಳ ಒಳಗಿನ ಸಾಮಗ್ರಿ ಅದಕ್ಕಿಂತ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಮಲಯಗಿರಿ ಇದಕ್ಕೆ ಸಂಸ್ಕೃತ ವೃತ್ತಿಯನ್ನು ಬರೆದನು. ದಿಗಂಬರ ಪರಂಪರೆ ಈ ಆಗಮಪಾಠವನ್ನು ಪ್ರಮಾಣವೆಂದು ಅಂಗೀಕರಿಸುವುದಿಲ್ಲ. ಆದರೂ ಇದರ ವಾದಸರಣಿ ಕನ್ನಡದ ದಿಗಂಬರ ಕವಿಯೊಬ್ಬನ ಕಾವ್ಯದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆ ಸಂಗತಿಯನ್ನು ಮುಂದೆ ನೋಡಬಹುದು.

ಗ್ರಂಥದ ಚೌಕಟ್ಟು ಹೀಗಿದೆ. ಸೂರ್ಯಾಭನೆಂಬ ದೇವನು ಮಹಾವೀರರ ಸನ್ನಿಧಿಗೆ ಬಂದು ಮೂವತ್ತೆರಡು ಬಗೆಯ ನಾಟ್ಯವಿಧಿಗಳನ್ನು ಪ್ರದರ್ಶಿಸಿ ಮರಳುತ್ತಾನೆ. ಇಷ್ಟು ದೊಡ್ಡ ವೈಭವ ಇವನಿಗೆ ಹೇಗೆ ಒದಗಿತು ಎಂದು ಗೌತಮ ಗಣಧರರು ಕೇಳುತ್ತಾರೆ. ಉತ್ತರವಾಗಿ ಮಹಾವೀರರು ಅವನ ಹಿಂದಿನ ಜನ್ಮದ ವೃತ್ತಾಂತವನ್ನು ಹೇಳುತ್ತಾರೆ. ಕೇಳುಗನಿಗೆ ಆಶ್ಚರ್ಯ ಕಾದಿರುವುದು ಅಲ್ಲಿ. ಈ ದೇವನು ಹಿಂದೆ ಯಾವ ಮಹಾತಪಸ್ವಿಯೂ ಆಗಿರಲಿಲ್ಲ. ಕೇಕಯಾರ್ಧ ಜನಪದದ ಸೇಯವಿಯಾ ನಗರವನ್ನು ಆಳುತ್ತಿದ್ದ ಕ್ರೂರಿಯಾದ ಅರಸನಾಗಿದ್ದನು. ಪ್ರಾಕೃತದಲ್ಲಿ ಅವನ ಹೆಸರು ಪಏಸಿ. ಸಂಸ್ಕೃತದ ರೂಪ ಪ್ರದೇಶಿ. ಹೊಡೆ, ಕಡಿ, ಸೀಳು ಎಂಬುದೇ ಅವನ ಆಡಳಿತದ ಭಾಷೆಯಾಗಿತ್ತು, ಅವನ ಕೈ ಸದಾ ರಕ್ತಸಿಕ್ತವಾಗಿತ್ತು ಎಂದು ಆಗಮ ವರ್ಣಿಸುತ್ತದೆ. ದೇಹವೇ ಜೀವ, ದೇಹದೊಡನೆ ಎಲ್ಲವೂ ಮುಗಿಯುತ್ತದೆ ಎಂಬುದು ಅವನ ಸಿದ್ಧಾಂತ.

ಅವನ ಸಾರಥಿ ಚಿತ್ತ. ಹೆಸರಿಗೆ ಸಾರಥಿಯಾದರೂ ಮಂತ್ರಿಯಷ್ಟೇ ನಂಬಿಕೆಯವನು. ರಾಜಕಾರ್ಯದ ನಿಮಿತ್ತ ಶ್ರಾವಸ್ತಿಗೆ ಹೋಗಿದ್ದಾಗ ಪಾರ್ಶ್ವನಾಥರ ಪರಂಪರೆಯ ಕೇಶಿ ಕುಮಾರಶ್ರಮಣರ ಉಪದೇಶ ಕೇಳಿ ಶ್ರಾವಕವ್ರತಗಳನ್ನು ಸ್ವೀಕರಿಸುತ್ತಾನೆ. ಸೇಯವಿಯಾಕ್ಕೂ ಬರಬೇಕೆಂದು ಪ್ರಾರ್ಥಿಸುತ್ತಾನೆ. ಬೇಡರು ಬೀಡುಬಿಟ್ಟ ಕಾಡಿಗೆ ಹಕ್ಕಿಗಳು ಬರುತ್ತವೆಯೇ ಎಂಬುದು ಕೇಶಿಯವರ ಮೊದಲ ಪ್ರತಿಕ್ರಿಯೆ. ಊರಿನಲ್ಲಿ ಅರಸನೊಬ್ಬನೇ ಇಲ್ಲ, ಉಳಿದವರೂ ಇದ್ದಾರೆ ಎಂದು ಚಿತ್ತ ಒಪ್ಪಿಸುತ್ತಾನೆ. ಮುಂದೆ ಅವರು ನಗರದ ಮೃಗವನ ಉದ್ಯಾನಕ್ಕೆ ಬಂದಾಗ ಚಿತ್ತ ಮಾಡಿಕೊಳ್ಳುವ ವಿನಂತಿ ಗಮನಾರ್ಹವಾದುದು. ಅರಸನಿಗೆ ಧರ್ಮವನ್ನು ಹೇಳಿದರೆ ಅವನಿಗೊಬ್ಬನಿಗೇ ಅಲ್ಲ, ಮನುಷ್ಯರಿಗೂ ಮೃಗಪಕ್ಷಿಗಳಿಗೂ ಹರಿದಾಡುವ ಜಂತುಗಳಿಗೂ, ಶ್ರಮಣ ಬ್ರಾಹ್ಮಣ ಭಿಕ್ಷುಕರಿಗೂ, ಇಡೀ ಜನಪದಕ್ಕೂ ಒಳಿತಾಗುತ್ತದೆ ಎನ್ನುತ್ತಾನೆ. ಒಬ್ಬ ವ್ಯಕ್ತಿಯ ಸ್ವಭಾವ ಬದಲಾಗುವುದು ಎಷ್ಟು ಜೀವಗಳ ಅಳಿವು ಉಳಿವಿನ ಪ್ರಶ್ನೆಯಾಗಬಲ್ಲುದು ಎಂಬುದನ್ನು ಕಥೆ ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತದೆ.

ಹತ್ತಿರ ಸುಳಿಯದವನಿಗೆ, ಎದುರಾಗಿ ಕೇಳದವನಿಗೆ ಧರ್ಮವನ್ನು ಹೇಳುವುದಾದರೂ ಹೇಗೆ ಎಂದು ಕೇಶಿ ಕೇಳುತ್ತಾರೆ. ಅದರ ಹೊಣೆಯನ್ನು ಚಿತ್ತ ಹೊರುತ್ತಾನೆ. ಕಾಂಬೋಜದಿಂದ ಕಾಣಿಕೆಯಾಗಿ ಬಂದ ನಾಲ್ಕು ಕುದುರೆಗಳ ಓಟವನ್ನು ಪರೀಕ್ಷಿಸುವ ನೆವದಲ್ಲಿ ಅರಸನನ್ನು ರಥದಲ್ಲಿ ಬಹುದೂರ ಕರೆದೊಯ್ಯುತ್ತಾನೆ. ಬಿಸಿಲು, ಬಾಯಾರಿಕೆ, ಆಯಾಸಗಳಿಂದ ಬಳಲಿದ ಅರಸನು ರಥ ತಿರುಗಿಸೆಂದಾಗ ವಿಶ್ರಾಂತಿಗೆಂದು ಮೃಗವನದ ನೆರಳಿಗೆ ತರುತ್ತಾನೆ. ಅಲ್ಲಿ ದೊಡ್ಡ ಜನಸಮೂಹದ ನಡುವೆ ಕೇಶಿ ಉಪದೇಶ ಮಾಡುತ್ತಿದ್ದಾರೆ. ಜಡರು ಜಡನನ್ನು ಪೂಜಿಸುತ್ತಿದ್ದಾರೆ ಎಂದು ಅರಸನು ಮನಸ್ಸಿನಲ್ಲಿಯೇ ಹಳಿಯುತ್ತಾನೆ. ನನ್ನ ಉದ್ಯಾನದಲ್ಲಿ ನಾನೇ ನಿರಾಳವಾಗಿ ಓಡಾಡುವಂತಿಲ್ಲವಲ್ಲ ಎಂದು ಸಿಡುಕುತ್ತಾನೆ. ಆದರೂ ಆ ಮುಖದ ಕಾಂತಿ ಅವನ ಕಣ್ಣನ್ನು ಹಿಡಿಯುತ್ತದೆ. ತಾತ್ಸಾರ ಮತ್ತು ಕುತೂಹಲ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರಬಲ್ಲವು. ಪ್ರತಿರೋಧದ ಗೋಡೆಯಲ್ಲಿ ಕಥೆಗಾರ ತೋರಿಸುವ ಮೊದಲ ಬಿರುಕು ಇದು.

ಸಮೀಪಕ್ಕೆ ಬಂದ ಅರಸನು ಕುಳಿತುಕೊಳ್ಳಲೇ ಎಂದು ಕೇಳುತ್ತಾನೆ. ಇದು ನಿನ್ನದೇ ಉದ್ಯಾನಭೂಮಿ, ನಿನಗೆ ತಿಳಿದಂತೆ ಮಾಡು ಎಂಬರ್ಥದ ಉತ್ತರ ಕೇಶಿಯವರಿಂದ ಬರುತ್ತದೆ. ಈ ಒಂದು ಉತ್ತರದಲ್ಲಿ ಇಡೀ ಸಂವಾದದ ಮರ್ಯಾದೆ ಅಡಗಿದೆ. ಕೂರಬೇಕೋ ಹೋಗಬೇಕೋ ಎಂಬ ತೀರ್ಮಾನ ಬಂದವನದು. ಗುರು ಎಳೆಯುವುದಿಲ್ಲ, ತಳ್ಳುವುದೂ ಇಲ್ಲ.

ಅಲ್ಲಿಂದ ಮುಂದೆ ದೇಹ ಬೇರೆಯೇ ಜೀವ ಬೇರೆಯೇ ಎಂಬ ವಾದ ನಡೆಯುತ್ತದೆ. ಅರಸನ ತರ್ಕಗಳು ಹುಡುಗಾಟದವಲ್ಲ, ಪರೀಕ್ಷೆಯಿಂದ ಹುಟ್ಟಿದವು. ಪಾಪಿಯಾಗಿದ್ದ ನನ್ನ ಅಜ್ಜ ನಿಮ್ಮ ಲೆಕ್ಕದಲ್ಲಿ ನರಕಕ್ಕೆ ಹೋಗಿರಬೇಕು. ನನ್ನ ಮೇಲೆ ಅಷ್ಟು ಪ್ರೀತಿಯಿದ್ದವನು ಬಂದು ಎಚ್ಚರಿಸಲಿಲ್ಲವೇಕೆ ಎನ್ನುತ್ತಾನೆ. ಧರ್ಮಿಷ್ಠಳಾಗಿದ್ದ ಅಜ್ಜಿಯೂ ಸ್ವರ್ಗದಿಂದ ಬಂದು ಹೇಳಲಿಲ್ಲವಲ್ಲ ಎನ್ನುತ್ತಾನೆ. ಕಳ್ಳನೊಬ್ಬನನ್ನು ಕಬ್ಬಿಣದ ಹಂಡೆಯಲ್ಲಿಟ್ಟು ಭದ್ರವಾಗಿ ಮುಚ್ಚಿಸಿದೆ, ಅವನು ಸತ್ತನು, ಜೀವ ಹೊರಟುಹೋದ ರಂಧ್ರ ಮಾತ್ರ ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗಲೂ ಸತ್ತ ಮೇಲೂ ತೂಗಿಸಿದೆ, ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಮತ್ತೊಬ್ಬನನ್ನು ತುಂಡು ತುಂಡಾಗಿ ಕತ್ತರಿಸಿ ಹುಡುಕಿದೆ, ಜೀವ ಸಿಗಲಿಲ್ಲ. ಒಂದೊಂದಕ್ಕೂ ಕೇಶಿ ದೃಷ್ಟಾಂತದಿಂದಲೇ ಉತ್ತರಿಸುತ್ತಾರೆ. ಬಾಗಿಲು ಮುಚ್ಚಿದ ಮನೆಯೊಳಗೆ ಬಾರಿಸಿದ ಭೇರಿಯ ದನಿ ರಂಧ್ರವಿಲ್ಲದೆಯೂ ಹೊರಗೆ ಕೇಳುತ್ತದೆ. ಗಾಳಿ ತುಂಬಿದ ತೊಗಲಚೀಲಕ್ಕೂ ಬರಿದಾದ ಚೀಲಕ್ಕೂ ತಕ್ಕಡಿಯಲ್ಲಿ ಭೇದವಿಲ್ಲ. ಕಟ್ಟಿಗೆಯಲ್ಲಿ ಬೆಂಕಿಯಿದೆಯೆಂದು ಅದನ್ನು ಚೂರು ಚೂರು ಮಾಡಿ ಹುಡುಕಿದವನಿಗೆ ಬೆಂಕಿ ದೊರೆಯದು.

ಇಂದಿನ ವಿಜ್ಞಾನದ ಅಳತೆಗೋಲಿನಿಂದ ಈ ಉತ್ತರಗಳನ್ನು ಅಳೆದು ಗೆಲುವು ಸೋಲನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಗಾಳಿಗೂ ತೂಕವಿದೆ ಎಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಇಲ್ಲಿ ನೋಡಬೇಕಾದುದು ಬೇರೆ. ವಾದದ ನಡುವೆ, ಕಟ್ಟಿಗೆ ಸೀಳಿದವನಿಗಿಂತಲೂ ನೀನು ಮೂಢನಾದೆ ಎಂಬ ಮಾತು ಕೇಶಿಯವರ ಬಾಯಿಂದ ಬಂದಾಗ ಅರಸನ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ. ತುಂಬಿದ ಸಭೆಯಲ್ಲಿ ನನ್ನನ್ನು ಹೀಗೆನ್ನಬಹುದೇ ಎಂದು ಕೇಳುತ್ತಾನೆ. ಆ ಮಾತಿನ ಸುತ್ತ ನಡೆಯುವ ಚರ್ಚೆಯಲ್ಲಿ ಒಂದು ಗುಟ್ಟು ಹೊರಬೀಳುತ್ತದೆ. ನಿಮ್ಮ ಮೊದಲ ಉತ್ತರಕ್ಕೇ ನನ್ನ ಮನಸ್ಸು ಒಲಿದಿತ್ತು, ವಿರುದ್ಧವಾಗಿ ನಡೆದುಕೊಂಡಷ್ಟೂ ಹೆಚ್ಚು ತಿಳಿವಳಿಕೆ ದೊರೆಯುತ್ತದೆಂದು ಎದುರಾಡುತ್ತ ಬಂದೆ ಎಂದು ಅರಸನೇ ಹೇಳುತ್ತಾನೆ. ಇದು ಜಿಜ್ಞಾಸುವಿನ ನಿಜವೋ, ಸೋತವನ ಸಮರ್ಥನೆಯೋ? ಎರಡೂ ಇರಬಹುದು. ಹೇಗಿದ್ದರೂ ಬುದ್ಧಿ ಒಪ್ಪಿದ ಗಳಿಗೆಗೂ ಮನುಷ್ಯ ಬದಲಾಗುವ ಗಳಿಗೆಗೂ ನಡುವೆ ಅಂತರವಿದೆ ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಆ ಅಂತರದಲ್ಲಿ ಇರುವುದೇನು? ತರ್ಕಗಳೆಲ್ಲ ಬರಿದಾದ ಮೇಲೆ ಅರಸನು ಕೊನೆಯ ಮಾತನ್ನು ಹೇಳುತ್ತಾನೆ. ಇದು ನನ್ನ ಅಜ್ಜನ ಮತ, ನನ್ನ ತಂದೆಯ ಮತ, ನನ್ನದೂ ಹೌದು. ಅನೇಕ ತಲೆಮಾರುಗಳಿಂದ ಕುಲದಲ್ಲಿ ನೆಲೆನಿಂತ ದೃಷ್ಟಿಯನ್ನು ನಾನು ಹೇಗೆ ಬಿಡಲಿ? ಇಲ್ಲಿ ಸತ್ಯಾಸತ್ಯದ ಪ್ರಶ್ನೆಯೇ ಇಲ್ಲ. ಪ್ರತಿರೋಧ ತನ್ನ ನಿಜವಾದ ಮುಖವನ್ನು ತೋರಿಸುವುದು ಇಲ್ಲಿಯೇ. ಅಪ್ಪ ನೆಟ್ಟ ಆಲದಮರಕ್ಕೆ ನೇಣು ಹಾಕಿಕೊಳ್ಳುವುದು ಎಂದು ನಮ್ಮ ಜನ ಆಡಿಕೊಳ್ಳುವುದು ಇಂಥದನ್ನೇ.

ಇದಕ್ಕೆ ಕೇಶಿ ಹೇಳುವ ದೃಷ್ಟಾಂತವೇ ಕಬ್ಬಿಣದ ಹೊರೆಯವನದು. ಹಣ ಗಳಿಸಲು ಹೊರಟ ಕೆಲವರು ದೊಡ್ಡ ಅಡವಿಯನ್ನು ಹೊಕ್ಕರು. ಮೊದಲು ಕಬ್ಬಿಣದ ಗಣಿ ಕಂಡಿತು. ಎಲ್ಲರೂ ಹೊರೆ ಕಟ್ಟಿಕೊಂಡರು. ಮುಂದೆ ತವರ ಸಿಕ್ಕಿತು. ಸ್ವಲ್ಪ ತವರಕ್ಕೆ ಬಹಳ ಕಬ್ಬಿಣ ಬರುತ್ತದೆ ಎಂದು ಲೆಕ್ಕ ಹಾಕಿ ಎಲ್ಲರೂ ಕಬ್ಬಿಣವನ್ನು ಇಳಿಸಿ ತವರ ಕಟ್ಟಿಕೊಂಡರು. ಒಬ್ಬ ಮಾತ್ರ ಒಪ್ಪಲಿಲ್ಲ. ನಾನು ಇದನ್ನು ಬಹುದೂರದಿಂದ ಹೊತ್ತು ತಂದಿದ್ದೇನೆ, ಬಹಳ ಹೊತ್ತಿನಿಂದ ಹೊತ್ತಿದ್ದೇನೆ, ಬಹಳ ಬಿಗಿಯಾಗಿ ಕಟ್ಟಿದ್ದೇನೆ, ಬಿಚ್ಚಲಾರೆ ಎಂದನು. ಮುಂದೆ ತಾಮ್ರ ಬಂತು, ಬೆಳ್ಳಿ ಬಂತು, ಚಿನ್ನ ಬಂತು, ರತ್ನ ಬಂತು, ಕೊನೆಗೆ ವಜ್ರ ಬಂತು. ಉಳಿದವರು ಪ್ರತಿ ಸಲವೂ ಹಳೆಯದನ್ನು ಇಳಿಸಿ ಹೊಸದನ್ನು ಹೊತ್ತರು. ಅವನು ಕಬ್ಬಿಣವನ್ನೇ ಹೊತ್ತು ಊರಿಗೆ ಮರಳಿದನು. ಸಂಗಡಿಗರು ಮಹಡಿಮನೆ ಕಟ್ಟಿಸಿ ಸುಖವಾಗಿದ್ದುದನ್ನು ಕಂಡು ಆಮೇಲೆ ಪರಿತಪಿಸಿದನು.

ಈ ಹಟಮಾರಿಯ ಸಮರ್ಥನೆಯನ್ನು ಎಚ್ಚರದಿಂದ ಗಮನಿಸಬೇಕು. ಕಬ್ಬಿಣ ಚಿನ್ನಕ್ಕಿಂತ ಮೇಲೆಂದು ಅವನು ಎಂದೂ ವಾದಿಸುವುದಿಲ್ಲ. ಅವನು ಹೇಳುವುದೆಲ್ಲ ತಾನು ನಡೆದ ದೂರದ ಬಗ್ಗೆ, ಪಟ್ಟ ಶ್ರಮದ ಬಗ್ಗೆ, ಹಾಕಿದ ಗಂಟಿನ ಬಗ್ಗೆ. ಹೊರೆಯನ್ನು ಇಳಿಸಿದರೆ ಇಷ್ಟು ದಿನದ ಬೆನ್ನುನೋವು ವ್ಯರ್ಥವಾಯಿತೆಂದು ಒಪ್ಪಿಕೊಂಡಂತೆ. ಆ ಒಪ್ಪಿಗೆಗಿಂತ ಮತ್ತಷ್ಟು ದೂರ ಹೊರುವುದೇ ಅವನಿಗೆ ಹಗುರವೆನಿಸುತ್ತದೆ. ಮನುಷ್ಯ ತನ್ನ ಸಿಟ್ಟನ್ನು, ಚಟವನ್ನು, ವೈರವನ್ನು, ಪೂರ್ವಗ್ರಹವನ್ನು ಬಿಡಲಾರದೆ ಇರುವುದು ಅವುಗಳಿಂದ ಸುಖವಿದೆ ಎಂಬ ಕಾರಣಕ್ಕೆ ಮಾತ್ರ ಅಲ್ಲ. ಅವುಗಳಿಗಾಗಿ ಆಗಲೇ ತೆತ್ತ ಬೆಲೆ ದೊಡ್ಡದು ಎಂಬ ಕಾರಣಕ್ಕೂ ಹೌದು. ಇಪ್ಪತ್ತು ವರ್ಷ ಮಾತುಬಿಟ್ಟ ಅಣ್ಣತಮ್ಮಂದಿರಲ್ಲಿ ಜಗಳದ ಮೂಲ ಕಾರಣ ಮರೆತಿರುತ್ತದೆ, ಇಪ್ಪತ್ತು ವರ್ಷ ಮಾತ್ರ ನೆನಪಿರುತ್ತದೆ.

ಇದೇ ಕಥೆ ಪಾಲಿಯ ದೀಘನಿಕಾಯದಲ್ಲಿ 'ಪಾಯಾಸಿ ಸುತ್ತ' ಎಂಬ ಹೆಸರಿನಲ್ಲಿ ಬರುತ್ತದೆ. ಜರ್ಮನ್ ವಿದ್ವಾಂಸ ಅರ್ನ್ಸ್ಟ್ ಲಾಯ್ಮನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಎರಡು ಪಾಠಗಳನ್ನು ಹೋಲಿಸಿ ನೋಡಿದ್ದನು. ಅಲ್ಲಿ ಅರಸನ ಹೆಸರು ಪಾಯಾಸಿ, ಊರು ಸೇತವ್ಯ, ವಾದಿಸುವ ಭಿಕ್ಷು ಕುಮಾರ ಕಾಶ್ಯಪ. ಶ್ರಮಣಲೋಕದಲ್ಲಿ ಹಬ್ಬಿದ್ದ ಒಂದು ಪ್ರಾಚೀನ ಸಂವಾದವನ್ನು ಎರಡೂ ಪರಂಪರೆಗಳು ತಮ್ಮ ತಮ್ಮ ರೀತಿಯಲ್ಲಿ ಉಳಿಸಿಕೊಂಡಿವೆ. ವ್ಯತ್ಯಾಸಗಳು ಅರ್ಥಪೂರ್ಣವಾಗಿವೆ. ಪಾಲಿಯ ಹೊರೆಯವನು ಹೊತ್ತದ್ದು ಕಬ್ಬಿಣವನ್ನಲ್ಲ, ಸೆಣಬನ್ನು. ಪಾಯಾಸಿ ಅಜ್ಜನ ಹೆಸರನ್ನು ಮುಂದಿಡುವುದಿಲ್ಲ. ಕೋಸಲದ ಪಸೇನದಿ ರಾಜನಿಗೂ ಹೊರಗಿನ ಅರಸರಿಗೂ ನನ್ನ ಮತ ಇಂಥದೆಂದು ಗೊತ್ತಿದೆ, ಈಗ ಬಿಟ್ಟರೆ ಎಂಥ ಮೂರ್ಖನೆಂದು ಅವರು ನಗುವರು ಎನ್ನುತ್ತಾನೆ. ಒಬ್ಬನನ್ನು ಹಿಂದಿನವರ ಹೆಸರು ಕಟ್ಟಿಹಾಕಿದೆ, ಇನ್ನೊಬ್ಬನನ್ನು ಸುತ್ತಲಿನವರ ಕಣ್ಣು. ಮನುಷ್ಯ ಬದಲಾಗದಂತೆ ತಡೆಯುವ ಸಂಕೋಚದ ಎರಡು ಮುಖಗಳನ್ನು ಎರಡು ಪಾಠಗಳು ಹಂಚಿಕೊಂಡಂತಿದೆ.

ಕುಲದ ಕಟ್ಟನ್ನು ಬಿಡಿಸಿಕೊಂಡವರು ಕಥೆಯಲ್ಲಿ ಮಾತ್ರ ಇಲ್ಲ, ನಮ್ಮ ಸಾಹಿತ್ಯಚರಿತ್ರೆಯಲ್ಲಿಯೂ ಇದ್ದಾರೆ. ಆದಿಕವಿ ಪಂಪನ ಪೂರ್ವಜ ಮಾಧವ ಸೋಮಯಾಜಿ ಯಜ್ಞಗಳನ್ನು ಮಾಡಿದವನು. ಅದೇ ವಂಶದಲ್ಲಿ ಪಂಪನ ತಂದೆ ಅಭಿರಾಮದೇವರಾಯ ಜೈನಧರ್ಮವನ್ನು ಸ್ವೀಕರಿಸಿದನು. ಸುಮಾರು 941ರಲ್ಲಿ ರಚಿತವಾದ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪನು ಈ ವಂಶಕಥನವನ್ನು ಮರೆಮಾಚದೆ ಹೇಳಿಕೊಂಡಿದ್ದಾನೆ. ಸೋಮಯಾಜಿಯ ಹಿರಿಮೆಯನ್ನೂ ಹೇಳುತ್ತಾನೆ, ಯಜ್ಞದ ಹೊಗೆಯಿಂದ ಆ ಕೀರ್ತಿ ಕಪ್ಪಾಯಿತೆಂಬ ಮರುಕವನ್ನೂ ಮುಚ್ಚಿಡುವುದಿಲ್ಲ. ಹಿರಿಯರನ್ನು ನಿರಾಕರಿಸದೆಯೇ ಹಿರಿಯರ ದಾರಿಯನ್ನು ಬಿಡಬಹುದೆಂಬುದಕ್ಕೆ ಇದಕ್ಕಿಂತ ಗಂಭೀರವಾದ ನಿದರ್ಶನ ಕನ್ನಡದಲ್ಲಿ ಅಪರೂಪ. ಅಜ್ಜನ ಹೆಸರನ್ನು ಉಳಿಸಿಕೊಂಡೇ ಅಜ್ಜನ ಹೊರೆಯನ್ನು ಇಳಿಸಿದ ಮನೆತನ ಅದು.

ಪ್ರದೇಶಿಯೂ ಕೊನೆಗೆ ಹೊರೆಯನ್ನು ಇಳಿಸಲು ಒಪ್ಪುತ್ತಾನೆ. ಆಮೇಲೆ ಪಶ್ಚಾತ್ತಾಪ ಪಡುವವನಾಗಲಾರೆ ಎಂದು ವ್ರತಗಳನ್ನು ಸ್ವೀಕರಿಸಿ ಎದ್ದು ಹೊರಡುತ್ತಾನೆ. ಸಾಮಾನ್ಯ ಕಥೆಗಾರನಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದನು. ಆಗಮಕಾರನು ಮುಂದುವರಿಯುತ್ತಾನೆ. ಕೇಶಿ ಅರಸನನ್ನು ತಡೆದು ಗುರುಗಳಲ್ಲಿ ಎಷ್ಟು ಬಗೆ ಎಂದು ಕೇಳುತ್ತಾರೆ. ಕಲಾಚಾರ್ಯ, ಶಿಲ್ಪಾಚಾರ್ಯ, ಧರ್ಮಾಚಾರ್ಯ ಎಂಬ ಮೂವರಿಗೂ ಸಲ್ಲಬೇಕಾದ ವಿನಯ ಅರಸನಿಗೆ ಗೊತ್ತು. ಗೊತ್ತಿದ್ದೂ ಇಷ್ಟು ಹೊತ್ತು ವಿರುದ್ಧವಾಗಿ ನಡೆದುಕೊಂಡುದಕ್ಕೆ ಕ್ಷಮೆ ಕೇಳದೆ ಹೊರಟೆಯಲ್ಲ ಎಂಬುದು ಪ್ರಶ್ನೆಯ ಇಂಗಿತ. ನಾಳೆ ಬೆಳಗಾದ ಮೇಲೆ ಅಂತಃಪುರ ಪರಿವಾರಸಮೇತ ಬಂದು ಕ್ಷಮೆ ಬೇಡಬೇಕೆಂದಿದ್ದೇನೆ ಎಂದು ಅರಸನು ಹೇಳುತ್ತಾನೆ, ಹಾಗೆಯೇ ಮಾಡುತ್ತಾನೆ. ಏಕಾಂತದಲ್ಲಿ ಒಪ್ಪಿದ್ದನ್ನು ನಾಲ್ಕು ಜನರ ಮುಂದೆ, ಅದರಲ್ಲಿಯೂ ತನ್ನ ಹಳೆಯ ರೂಪವನ್ನು ಚೆನ್ನಾಗಿ ಬಲ್ಲ ಮನೆಯವರ ಮುಂದೆ, ಒಪ್ಪಿಕೊಳ್ಳುವುದು ಎರಡನೆಯ ಮೆಟ್ಟಿಲು. ನಗುವರೆಂಬ ಭಯ ಸಾಯುವುದು ನಗಬಲ್ಲವರ ಎದುರು ನಿಂತಾಗಲೇ.

ಆಗ ಕೇಶಿ ಮತ್ತೊಂದು ಎಚ್ಚರಿಕೆ ಕೊಡುತ್ತಾರೆ. ಮೊದಲು ರಮಣೀಯನಾಗಿದ್ದು ಆಮೇಲೆ ಅರಮಣೀಯನಾಗಬೇಡ ಎಂಬುದು ಅದರ ತಾತ್ಪರ್ಯ. ಅದಕ್ಕೆ ಅವರು ನಾಲ್ಕು ಉಪಮೆಗಳನ್ನು ಕೊಡುತ್ತಾರೆ: ವನ, ನಾಟ್ಯಶಾಲೆ, ಕಬ್ಬಿನ ಗದ್ದೆ, ಕಣ. ಎಲೆ ಹೂ ತುಂಬಿದಾಗ ವನ ಚೆಲುವು, ಉದುರಿದಾಗ ಬೋಳು. ಹಾಡು ಕುಣಿತ ನಡೆಯುವಷ್ಟು ಹೊತ್ತು ನಾಟ್ಯಶಾಲೆ ಚೆಲುವು. ಕಡಿಯುವ, ಹಿಂಡುವ, ಕುಡಿಯುವ ಗಡಿಬಿಡಿಯಿರುವ ತನಕ ಕಬ್ಬಿನ ಗದ್ದೆ ಚೆಲುವು. ಒಕ್ಕುವ, ತೂರುವ ಕೆಲಸ ನಡೆಯುವವರೆಗೆ ಕಣ ಚೆಲುವು. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಉಳಿಯುವುದು ಹೊಟ್ಟು. ಉತ್ಸಾಹದಿಂದ ಆರಂಭವಾದ ಪರಿವರ್ತನೆಗೂ ಇದೇ ಗತಿ ಬರಬಹುದು ಎಂಬುದನ್ನು ಇಷ್ಟು ಒಕ್ಕಲುತನದ ಮಾತಿನಲ್ಲಿ ಹೇಳಿದ ಗ್ರಂಥ ವಿರಳ.

ಅರಸನ ಉತ್ತರ ಮಾತಿನದಲ್ಲ, ಲೆಕ್ಕದ್ದು. ಸೇಯವಿಯಾ ಮೊದಲಾದ ತನ್ನ ಏಳು ಸಾವಿರ ಗ್ರಾಮಗಳ ಉತ್ಪತ್ತಿಯನ್ನು ನಾಲ್ಕು ಪಾಲು ಮಾಡುತ್ತೇನೆ ಎನ್ನುತ್ತಾನೆ. ಒಂದು ಪಾಲು ಸೈನ್ಯಕ್ಕೆ, ಒಂದು ಕೋಠಾರಕ್ಕೆ, ಒಂದು ಅಂತಃಪುರಕ್ಕೆ. ನಾಲ್ಕನೆಯದರಲ್ಲಿ ದೊಡ್ಡ ಶಾಲೆಯೊಂದನ್ನು ಕಟ್ಟಿಸಿ, ಜನರನ್ನು ನೇಮಿಸಿ, ಶ್ರಮಣ ಬ್ರಾಹ್ಮಣ ಭಿಕ್ಷುಕ ದಾರಿಹೋಕರಿಗೆ ಅನ್ನದಾನದ ವ್ಯವಸ್ಥೆ. ಸಂಕಲ್ಪಕ್ಕೆ ಕಟ್ಟಡ, ನೌಕರರು, ಆದಾಯದ ಮೂಲ ದೊರೆತಾಗ ಅದು ಮನಸ್ಸಿನ ಏರಿಳಿತವನ್ನು ಮೀರಿ ನಿಲ್ಲುತ್ತದೆ. ದಾನಶಾಸನಗಳನ್ನು ಓದುವವರಿಗೆ ಈ ಕ್ರಮ ಹೊಸದಲ್ಲ. ಸಂತೋಷದಲ್ಲಿ ಆಡಿದ ಮಾತನ್ನು ಭೂಮಿ, ಸೀಮೆ, ತೆರಿಗೆಗಳ ವಿವರದೊಡನೆ ಕಲ್ಲಿನಲ್ಲಿ ಕೊರೆಸಿದವರು ನಮ್ಮ ಹಿರಿಯರು. ಮನಸ್ಸನ್ನು ಪೂರ್ತಿ ನಂಬಬಾರದೆಂಬ ವಿವೇಕ ಅದರ ಹಿಂದಿದೆ.

ಪಾಲಿಯ ಪಾಯಾಸಿ ಇಲ್ಲಿ ಎಡವುತ್ತಾನೆ. ಅವನೂ ದಾನವನ್ನು ಆರಂಭಿಸುತ್ತಾನೆ. ಆದರೆ ಕೊಡುವುದು ನುಚ್ಚಿನ ಗಂಜಿ, ಒರಟು ಬಟ್ಟೆ. ದಾನದ ಮೇಲ್ವಿಚಾರಕನಾದ ಉತ್ತರನೆಂಬ ತರುಣನು, ಪಾಯಾಸಿಯ ಸಹವಾಸ ಈ ಲೋಕಕ್ಕೇ ಸಾಕು, ಪರಲೋಕದಲ್ಲಿ ಬೇಡ ಎಂದು ಬೇಡಿಕೊಳ್ಳುತ್ತಾನೆ. ನೀನು ಕಾಲಿನಿಂದಲೂ ಮುಟ್ಟದ್ದನ್ನು ದಾನವೆಂದು ಕೊಡುತ್ತಿದ್ದೀಯೆ ಎಂಬುದು ಅವನ ಆಕ್ಷೇಪ. ಸತ್ತ ಮೇಲೆ ಪಾಯಾಸಿಗೆ ದೊರೆಯುವುದು ಬರಿದಾದ ಒಂದು ವಿಮಾನ. ಮನಸ್ಸಿಟ್ಟು ಕೊಟ್ಟ ಉತ್ತರನಿಗೆ ಅದಕ್ಕಿಂತ ಮೇಲಿನ ಲೋಕ. ಪಾಯಾಸಿಯ ಮತ ಬದಲಾಗಿತ್ತು, ಕೈ ಬದಲಾಗಿರಲಿಲ್ಲ.

ಜೈನ ಕರ್ಮಶಾಸ್ತ್ರಕ್ಕೆ ಈ ಅರೆಪರಿವರ್ತನೆ ಚೆನ್ನಾಗಿ ಗೊತ್ತು. ಮೋಹನೀಯ ಕರ್ಮವನ್ನು ಅದು ದರ್ಶನಮೋಹ, ಚಾರಿತ್ರಮೋಹ ಎಂದು ಎರಡಾಗಿ ಸೀಳುತ್ತದೆ. ಮೊದಲನೆಯದು ಸರಿಯಾಗಿ ಕಾಣಲು ಬಿಡದು. ಎರಡನೆಯದು ಕಂಡಂತೆ ನಡೆಯಲು ಬಿಡದು. ನಾಲ್ಕನೆಯ ಗುಣಸ್ಥಾನದ ಜೀವ ಅವಿರತ ಸಮ್ಯಗ್ದೃಷ್ಟಿ: ದೃಷ್ಟಿ ಸರಿಯಾಗಿದೆ, ವಿರತಿ ಇನ್ನೂ ಇಲ್ಲ. ಶಾಸ್ತ್ರ ಇಂಥವನನ್ನು ಕಪಟಿಯೆಂದು ತಳ್ಳುವುದಿಲ್ಲ, ಮೆಟ್ಟಿಲ ಮೇಲಿರುವವನೆಂದು ಗುರುತಿಸುತ್ತದೆ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ 'ಗೊಮ್ಮಟಸಾರ'ದಲ್ಲಿ ಕಷಾಯಗಳ ನಾಲ್ಕು ತೀವ್ರತೆಗಳಿಗೆ ಉಪಮೆಗಳಿವೆ. ಕೋಪ ಕಲ್ಲಿನ ಮೇಲಿನ ಗೆರೆಯಂತಿರಬಹುದು, ನೆಲದ ಬಿರುಕಿನಂತೆ, ಧೂಳಿನ ಗೆರೆಯಂತೆ, ನೀರಿನ ಗೆರೆಯಂತೆ ಇರಬಹುದು. ಮಾನಕ್ಕೆ ಹೋಲಿಕೆ ಕಲ್ಲು, ಎಲುಬು, ಮರ, ಬೆತ್ತ. ಕಲ್ಲು ಬಾಗದು, ಬೆತ್ತ ಬಾಗುತ್ತದೆ. ಇವುಗಳ ವಾಸನೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನೂ ಶಾಸ್ತ್ರ ಹೇಳುತ್ತದೆ: ಅತಿ ಸೂಕ್ಷ್ಮವಾದುದು ಅಂತರ್ಮುಹೂರ್ತ, ಅದಕ್ಕಿಂತ ಗಟ್ಟಿಯಾದುದು ಒಂದು ಪಕ್ಷ, ಇನ್ನೂ ಗಟ್ಟಿಯಾದುದು ಆರು ತಿಂಗಳು, ಕಲ್ಲಿನ ಗೆರೆಯಂಥದು ಜನ್ಮಾಂತರಗಳವರೆಗೆ. ಮನುಷ್ಯನ ಬಿಗಿತವನ್ನು ನಿಂದಿಸುವ ಬದಲು ಅದರ ಆಳವನ್ನು ಅಳೆಯುವ ಈ ತಾಳ್ಮೆ ಗಮನಾರ್ಹವಾದುದು. ಗೆರೆ ಯಾವುದರ ಮೇಲಿದೆಯೆಂದು ತಿಳಿದರೆ ಅಳಿಸಲು ಎಷ್ಟು ಕಾಲ ಬೇಕೆಂಬುದೂ ತಿಳಿಯುತ್ತದೆ.

ಇನ್ನು ಕನ್ನಡಕ್ಕೆ ಬರಬಹುದು. ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಚಂಡಕರ್ಮನೆಂಬ ತಳಾರನಿದ್ದಾನೆ. ಅವನೂ ಉದ್ಯಾನದಲ್ಲಿ ಮುನಿಯನ್ನು ಎದುರಾಗುತ್ತಾನೆ. ಕಳ್ಳರ ದೇಹಗಳ ಮೇಲೆ ತಾನು ನಡೆಸಿದ ಪರೀಕ್ಷೆಗಳನ್ನು ಮುಂದಿಟ್ಟು ಜೀವವೆಂಬುದು ಬೇರೆ ಇಲ್ಲವೆಂದು ವಾದಿಸುತ್ತಾನೆ, ಉತ್ತರ ಕೇಳಿ ವ್ರತಧಾರಿಯಾಗುತ್ತಾನೆ. ಪ್ರದೇಶಿಯ ವಾದದ ದನಿ ಇಲ್ಲಿ ನಿಚ್ಚಳವಾಗಿ ಕೇಳಿಸುತ್ತದೆ. ಉತ್ತರದ ಅರ್ಧಮಾಗಧಿಯಲ್ಲಿ ಅರಸನಾಡಿದ ಮಾತು ಹೊಯ್ಸಳರ ಕಾಲದ ಕನ್ನಡದಲ್ಲಿ ತಳಾರನ ಬಾಯಿಗೆ ಬಂದಿದೆ.

ಆದರೆ ಆ ಕಾವ್ಯದ ನಾಯಕನೊಡನೆ ಪ್ರದೇಶಿಯನ್ನು ಇಟ್ಟು ನೋಡಿದಾಗ ಇನ್ನೂ ಆಳವಾದ ಸಂಬಂಧ ಕಾಣುತ್ತದೆ. ಯಶೋಧರನು ಹಿಂಸೆ ಪಾಪವೆಂದು ಬಲ್ಲವನು. ಸಂಸಾರದಿಂದ ಬೇಸತ್ತು ರಾಜ್ಯವನ್ನು ಬಿಡಲು ನಿರ್ಧರಿಸಿದವನು. ಹೊರಡಬೇಕಾದ ಹೊತ್ತಿನಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿಯುತ್ತಾನೆ. ಜೀವಬಲಿಗೆ ಒಪ್ಪುವುದಿಲ್ಲ, ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ತಾಯಿಯ ಮಾತೂ ಉಳಿಯಿತು, ತನ್ನ ಅಹಿಂಸೆಯೂ ಉಳಿಯಿತು ಎಂಬ ಸಂಧಾನ ಅದು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬ ಜೈನ ನಿಲುವಿಗೆ ಈ ಕೂಗು ಕಾವ್ಯರೂಪ. ಬದಲಾಗಬೇಕೆಂದಿರುವ ಮನುಷ್ಯ ಹಳೆಯದಕ್ಕೆ ಕೊನೆಯದಾಗಿ ಒಂದು ಹಿಟ್ಟಿನ ಕೋಳಿಯನ್ನು ಒಪ್ಪಿಸಿ ಹೊರಡೋಣ ಎಂದುಕೊಳ್ಳುತ್ತಾನೆ. ಆ ಕೊನೆಯದೇ ಅವನನ್ನು ಮತ್ತೆ ಕಟ್ಟಿಹಾಕುತ್ತದೆ.

ಈ ಇಬ್ಬರು ಅರಸರ ಅಂತ್ಯವೂ ಒಂದೇ ಬಗೆಯದು: ಇಬ್ಬರಿಗೂ ರಾಣಿಯರೇ ವಿಷವಿಕ್ಕುತ್ತಾರೆ. ಸ್ತ್ರೀಯನ್ನು ಹೀಗೆ ಚಿತ್ರಿಸುವುದು ಆ ಕಾಲದ ಕಥೆಗಾರರ ರೂಢಿಯಾಗಿತ್ತು. ಆ ರೂಢಿಯನ್ನು ಇಂದು ಪ್ರಶ್ನಿಸದೆ ಓದುವಂತಿಲ್ಲ. ಆದರೆ ಕಥೆಗಳ ಗಮನ ಇರುವುದು ವಿಷ ಉಂಡವನ ಮನಸ್ಸಿನ ಮೇಲೆ. ಅಮೃತಮತಿಯ ವಿಷಾನ್ನದಿಂದ ಸತ್ತ ಯಶೋಧರ ಮತ್ತು ಚಂದ್ರಮತಿ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಮುಂತಾದ ಜನ್ಮಗಳಲ್ಲಿ ತೊಳಲುತ್ತಾರೆ. ಕೋಳಿಗಳಾಗಿದ್ದಾಗ, ಚಂಡಕರ್ಮನಿಗೆ ಮುನಿ ಹೇಳಿದ ಧರ್ಮ ಅವುಗಳ ಕಿವಿಗೂ ಬಿದ್ದು, ಅಲ್ಲಿಂದ ಬಿಡುಗಡೆಯ ದಾರಿ ತೆರೆಯುತ್ತದೆ. ಅವರ ಕಥೆಯನ್ನು ಕೇಳಿಯೇ ಮಾರಿದತ್ತನೆಂಬ ಮತ್ತೊಬ್ಬ ಅರಸನು ಬಲಿಯನ್ನು ನಿಲ್ಲಿಸುತ್ತಾನೆ.

ಪ್ರದೇಶಿಯ ಸಾವು ಬೇರೆ ರೀತಿಯದು. ವ್ರತನಿಷ್ಠನಾದ ಅರಸನು ರಾಜ್ಯದಲ್ಲಿಯೂ ಅಂತಃಪುರದಲ್ಲಿಯೂ ಆಸಕ್ತಿ ಕಳೆದುಕೊಂಡನೆಂದು ರಾಣಿ ಸೂರ್ಯಕಾಂತೆ ಕೆರಳುತ್ತಾಳೆ. ತಂದೆಯನ್ನು ಕೊಂದು ಪಟ್ಟವೇರೆಂದು ಮಗನಿಗೆ ಹೇಳುತ್ತಾಳೆ, ಅವನು ಮೌನವಾಗಿರುತ್ತಾನೆ. ಗುಟ್ಟು ರಟ್ಟಾದೀತೆಂಬ ಭಯದಿಂದ ತಾನೇ ಅನ್ನಕ್ಕೂ ಉಡುಗೆಗೂ ವಿಷ ಬೆರೆಸುತ್ತಾಳೆ. ಮೈಯೆಲ್ಲ ಉರಿ ಹತ್ತಿದಾಗ ಇದು ಯಾರ ಕೆಲಸವೆಂದು ಅರಸನಿಗೆ ತಿಳಿಯುತ್ತದೆ. ಹಿಂದೊಮ್ಮೆ ಇದೇ ಅರಸನು ಕಳ್ಳರನ್ನು ಹಂಡೆಯಲ್ಲಿಟ್ಟು ಸಾಯಿಸಿದವನು. ಸಂವಾದದ ಆರಂಭದಲ್ಲಿ ಕೇಶಿ, ನಿನ್ನ ರಾಣಿಯೊಡನೆ ಪರಪುರುಷನನ್ನು ಕಂಡರೆ ಏನು ಮಾಡುವೆ ಎಂದು ಕೇಳಿದ್ದಾಗ ಕ್ಷಣವೂ ತಡೆಯದೆ ಘೋರಶಿಕ್ಷೆಯನ್ನು ಹೇಳಿದ್ದವನು. ಈಗ ಅಧಿಕಾರವೂ ಅವನದೇ, ಕಾರಣವೂ ಸಾಕಷ್ಟಿದೆ. ಆದರೆ ಅವನು ರಾಣಿಯ ಮೇಲೆ ಮನಸ್ಸಿನಲ್ಲಿಯೂ ದ್ವೇಷ ತಾಳುವುದಿಲ್ಲ. ಪೋಷಧಶಾಲೆಗೆ ಹೋಗಿ, ದರ್ಭೆಯ ಹಾಸಿನ ಮೇಲೆ ಪೂರ್ವಾಭಿಮುಖವಾಗಿ ಕುಳಿತು, ಅರಿಹಂತರಿಗೂ ದೂರದಲ್ಲಿರುವ ಕೇಶಿಯವರಿಗೂ ವಂದಿಸಿ, ಎಲ್ಲವನ್ನೂ ತ್ಯಜಿಸಿ ಸಮಾಧಿಯಿಂದ ಪ್ರಾಣ ಬಿಡುತ್ತಾನೆ. ಮೃಗವನದಲ್ಲಿ ಬದಲಾದದ್ದು ಅವನ ವಾದ. ಸ್ವಭಾವವೇ ಬದಲಾಗಿದೆಯೆಂಬುದು ಸಿದ್ಧವಾದದ್ದು ಈ ಗಳಿಗೆಯಲ್ಲಿ. ಕಲ್ಲಿನ ಗೆರೆಯಾಗಿದ್ದ ಕೋಪ ನೀರಿನ ಗೆರೆಯಷ್ಟೂ ಉಳಿದಿರಲಿಲ್ಲ.

ಇಷ್ಟಾದರೂ ಪ್ರದೇಶಿಗೆ ಕೂಡಲೇ ಮೋಕ್ಷವಾಯಿತೆಂದು ಆಗಮ ಹೇಳುವುದಿಲ್ಲ. ಸೂರ್ಯಾಭದೇವನಾಗಿ ಹುಟ್ಟಿದನು; ಆ ಆಯುಷ್ಯ ಮುಗಿದ ಮೇಲೆ ಮಹಾವಿದೇಹದಲ್ಲಿ ಮತ್ತೊಮ್ಮೆ ಮನುಷ್ಯನಾಗಿ ಹುಟ್ಟಿ, ಓದಿ, ಬೆಳೆದು, ಭೋಗದ ನಡುವೆ ಅಂಟದೆ ಉಳಿದು ಸಿದ್ಧನಾಗುವನೆಂದು ಮಹಾವೀರರು ಗೌತಮರಿಗೆ ತಿಳಿಸುತ್ತಾರೆ. ಒಂದು ಮಧ್ಯಾಹ್ನ ಮರದ ನೆರಳಿನಲ್ಲಿ ಆರಂಭವಾದ ಕೆಲಸಕ್ಕೆ ಇನ್ನೂ ಎರಡು ಜನ್ಮಗಳ ದುಡಿಮೆ ಬೇಕಾಯಿತು. ಆ ಕೊನೆಯ ಜನ್ಮದಲ್ಲಿ ಅವನಿಗೆ ತಂದೆತಾಯಿ ಇಡುವ ಹೆಸರು ದೃಢಪ್ರತಿಜ್ಞ. ಬಿಚ್ಚಲಾರೆ ಎಂದು ಕಬ್ಬಿಣದ ಹೊರೆಯವನು ತೋರಿಸಿದ ದೃಢತೆಯೂ ದೃಢತೆಯೇ. ಅದೇ ಬಿಗಿಹಿಡಿತವನ್ನು ಕಬ್ಬಿಣದಿಂದ ಬಿಡಿಸಿ ವ್ರತಕ್ಕೆ ತಿರುಗಿಸಿದ ಕಥೆ ಪ್ರದೇಶಿಯದು.